‘ಅಥವಾ’ದ ಆಚೆ: ಧ್ವನಿಮತದ ಕಾಯ್ದೆ ಮತ್ತು ಗಿಲ್ಲೆಸುಗೂರಿನ ಹತ್ತಿ ಹೊಲ

ರಾಯಚೂರು ಸೀಮೆಯ ಕೂಲಿ ಹೆಂಗಸರ ಬಗ್ಗೆ ಬರೆಯುವವರು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಅದು ಕಚೇರಿಯವರ ಕಾಯ್ದೆ, ಹೊಲಕ್ಕೆ ಬರುವುದಿಲ್ಲ. ಸಂಸತ್ತಿನಲ್ಲಿ ಯಾರೂ ವಿರೋಧಿಸಲಿಲ್ಲವಾದ್ದರಿಂದ ಅದಕ್ಕೊಂದು ರಾಜಕೀಯ ಚರಿತ್ರೆಯೂ ಇಲ್ಲ ಎಂಬುದು ಆ ವಾಕ್ಯದ ಸಾರ. ನನಗೆ ಈ ಮಾತನ್ನು ಮೊದಲು ಹೇಳಿಕೊಟ್ಟವರು ನಾನು ಗುರುಸಮಾನರೆಂದು ತಿಳಿದಿರುವ ಹಿರಿಯರೊಬ್ಬರು. ಅವರ ಋಣ ನನ್ನ ಮೇಲಿದೆ. ಆದರೆ ಅವರು ಆಧಾರವಾಗಿ ಮುಂದಿಡುವ ಸೆಕ್ಷನ್ 6ನ್ನು ಅರ್ಧಕ್ಕೇ ಓದಿ ನಿಲ್ಲಿಸಿದ್ದಾರೆ. ಅವರ ಶಿಷ್ಯರಂತೂ ಅಷ್ಟನ್ನೂ ಓದದೆ ಅವರ ಮಾತನ್ನೇ ನಕಲು ಮಾಡುತ್ತ ಬಂದಿದ್ದಾರೆ.

ಸೆಕ್ಷನ್ ಹೇಳುವುದಿಷ್ಟು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಅಧಿಕಾರಿಯು ಸ್ಥಳೀಯ ಸಮಿತಿಯೊಂದನ್ನು ರಚಿಸಬೇಕು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಾರಣಕ್ಕೆ ಆಂತರಿಕ ಸಮಿತಿ ಇಲ್ಲದ ಕಡೆಗಳ ದೂರನ್ನು ಅದು ತೆಗೆದುಕೊಳ್ಳಬೇಕು. ಹಿರಿಯರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಅವರ ತರ್ಕ ಮೇಲ್ನೋಟಕ್ಕೆ ಬಿಗಿಯಾಗಿದೆ. ಗಿಲ್ಲೆಸುಗೂರು ಹೋಬಳಿಯಲ್ಲಿ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಒಂದು ಹೊಲಕ್ಕೆ ಹದಿನೈದೋ ಹದಿನೆಂಟೋ ಆಳು ಬೀಳುತ್ತಾರೆ. ಹತ್ತು ದಾಟಿತಲ್ಲ, ಸ್ಥಳೀಯ ಸಮಿತಿಯ ಬಾಗಿಲು ಮುಚ್ಚಿತು. ಇನ್ನು ಸೆಕ್ಷನ್ 4ರ ಪ್ರಕಾರ ಹೊಲದ ಧಣಿಯೇ ಆಂತರಿಕ ಸಮಿತಿ ರಚಿಸಬೇಕು. ಎರಡೂವರೆ ಎಕರೆಯ ಒಕ್ಕಲಿಗ ಬದುವಿನ ಮೇಲೆ ಸಮಿತಿ ಕೂಡಿಸುವುದುಂಟೆ? ಆದ್ದರಿಂದ ಕಾಯ್ದೆ ಹೊಲಕ್ಕೆ ಸತ್ತಂತೆಯೇ ಎಂದು ಅವರ ತೀರ್ಮಾನ.

ಆದರೆ ಸೆಕ್ಷನ್ 6ರ ವಾಕ್ಯ ಅಲ್ಲಿ ಮುಗಿದಿಲ್ಲ. ಅದೇ ವಾಕ್ಯದಲ್ಲಿ ಮುಂದೆ ಒಂದು ‘ಅಥವಾ’ ಇದೆ: ಅಥವಾ ದೂರು ಉದ್ಯೋಗದಾತನ ಮೇಲೆಯೇ ಇದ್ದರೆ. ಈ ತುಂಡಿಗೆ ಹತ್ತರ ಲೆಕ್ಕ ತಾಗುವುದಿಲ್ಲ. ಹೊಲದಲ್ಲಿ ಐವರಿರಲಿ ಐವತ್ತು ಜನರಿರಲಿ, ಕೈ ಮಾಡಿದವನು ಧಣಿಯಾದರೆ ದೂರು ನೇರ ಜಿಲ್ಲೆಯ ಸಮಿತಿಗೆ ಹೋಗುತ್ತದೆ.

‘ಧಣಿ ಹೊಲಕ್ಕೆ ಬರುವುದೇ ಅಪರೂಪ, ಅಲ್ಲಿರುವವನು ಮೇಸ್ತ್ರಿ’ ಎಂಬ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ನಸುಕಿಗೆ ಓಣಿ ಓಣಿ ತಿರುಗಿ ಹೆಂಗಸರನ್ನು ಕೂಡಿಸುವವನು, ಟಂಟಂ ಹತ್ತಿಸುವವನು, ಸಂಜೆ ಹತ್ತಿ ತೂಗಿಸಿ ಕೂಲಿ ಹಂಚುವವನು ಅವನೇ. ನಮ್ಮ ಸಂಶೋಧಕರು ವ್ಯಾಖ್ಯೆಗಳ ಪುಟವನ್ನು ಮುನ್ನುಡಿಯ ಹಾಗೆ ಹಾರಿಸಿಬಿಡುತ್ತಾರೆ. ಇಡೀ ತಕರಾರು ತೀರುವುದು ಅಲ್ಲಿಯೇ. ಸೆಕ್ಷನ್ 2(ಜಿ) ‘ಉದ್ಯೋಗದಾತ’ ಎಂದರೆ ಮಾಲೀಕ ಎಂದಷ್ಟೇ ಹೇಳುವುದಿಲ್ಲ. ಕೆಲಸದ ಸ್ಥಳದ ನಿರ್ವಹಣೆ, ಮೇಲ್ವಿಚಾರಣೆ, ಹತೋಟಿ ಯಾರ ಹೊಣೆಯೋ ಅವರೂ ಉದ್ಯೋಗದಾತರು. ಇದು ಹೊಲದ ಮೇಸ್ತ್ರಿಯ ವರ್ಣನೆಯಲ್ಲದೆ ಮತ್ತೇನು? ಸೆಕ್ಷನ್ 2(ಎಫ್) ಇನ್ನೂ ಸ್ಪಷ್ಟ: ದಿನಗೂಲಿಯವಳು, ಮಧ್ಯವರ್ತಿಯ ಮೂಲಕ ಬಂದವಳು, ಮೂಲ ಮಾಲೀಕನಿಗೆ ಗೊತ್ತೇ ಇಲ್ಲದೆ ಕೆಲಸಕ್ಕೆ ನಿಂತವಳು, ಎಲ್ಲರೂ ಉದ್ಯೋಗಿಗಳೇ. ಸೆಕ್ಷನ್ 2(ಒ) ಕೆಲಸ ಕೊಡುವವನು ಒದಗಿಸಿದ ವಾಹನವನ್ನೂ ಕೆಲಸದ ಸ್ಥಳವೆನ್ನುತ್ತದೆ; ಅಲ್ಲಿಗೆ ಮಂತ್ರಾಲಯದ ರಸ್ತೆಯಲ್ಲಿ ಹೆಂಗಸರನ್ನು ತುಂಬಿಕೊಂಡು ಹೋಗುವ ಟಂಟಂ ಕೂಡ ಕಾಯ್ದೆಯೊಳಗೆ ಬಂತು.

ಹೊಲ ‘ಉದ್ಯಮ’ ಹೌದೋ ಅಲ್ಲವೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಕಡಿಮೆ. ಕಾಯ್ದೆಯು ಅಸಂಘಟಿತ ವಲಯಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಸರಕಿನ ಉತ್ಪಾದನೆ ಮಾಡುವ ಉದ್ಯಮ ಎಂದಿದೆ. ರಾಯಚೂರಿನ ಮಾರುಕಟ್ಟೆಯಲ್ಲಿ ಹರಾಜಾಗುವ ಹತ್ತಿ ಸರಕಲ್ಲ ಎನ್ನುವವರು ಒಂದು ಬೆಳಿಗ್ಗೆ ಅಲ್ಲಿ ಹೋಗಿ ನಿಂತು ನೋಡಲಿ.

ಹಿರಿಯರ ಪರವಾಗಿಯೂ ಒಂದು ಮಾತು ಹೇಳಬೇಕು. ‘ಹತ್ತು’ ಎಂಬ ಅಂಕಿ ಕಾರ್ಖಾನೆ, ಕಚೇರಿಗಳ ಹಾಜರಿ ಪುಸ್ತಕದಿಂದ ಬಂದದ್ದು. ಅಲ್ಲಿ ಇಂದು ಇದ್ದ ಸಂಖ್ಯೆ ನಾಳೆಯೂ ಇರುತ್ತದೆ. ಅದೇ ಹೊಲದಲ್ಲಿ ಕಳೆ ತೆಗೆಯಲು ಆರು ಜನ, ಹತ್ತಿ ಬಿಡಿಸಲು ಹದಿನೆಂಟು. ಮಾನವಿಯ ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ, ದೇವದುರ್ಗದ ನಾರಾಯಣಪುರ ಕಾಲುವೆಯ ಬಯಲಲ್ಲಿ ಭತ್ತ ಹಚ್ಚುವ ದಿನಗಳ ಲೆಕ್ಕ ಬೇರೆಯೇ. ಯಾವ ದಿನದ ಎಣಿಕೆ ಹಿಡಿಯಬೇಕೆಂದು ಕಾಯ್ದೆ ಹೇಳುವುದಿಲ್ಲ. ಬೆಳೆ ಬದಲಾದಂತೆ ಹೆಂಗಸಿನ ಹಕ್ಕಿನ ವಿಳಾಸವೂ ಬದಲಾಗುತ್ತದೆ.

ಇಂಥ ಪ್ರಶ್ನೆಯನ್ನು ಎತ್ತಬೇಕಾಗಿದ್ದ ಜಾಗ ಸದನ. 2010ರ ಡಿಸೆಂಬರಿನಲ್ಲಿ ಮಂಡನೆಯಾದ ಮೂಲ ಮಸೂದೆ ಮನೆಗೆಲಸದವರನ್ನು ಹೆಸರಿಟ್ಟು ಹೊರಗಿಟ್ಟಿತ್ತು. ನಮ್ಮವರೇ ಆದ ಆಸ್ಕರ್ ಫರ್ನಾಂಡಿಸ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ 2011ರ ಡಿಸೆಂಬರಿನ ತನ್ನ 239ನೇ ವರದಿಯಲ್ಲಿ ಅವರನ್ನು ಒಳಗೆ ತರಬೇಕೆಂದಿತು, ತಂದರು. ಹೆಸರಿಟ್ಟು ಹೊರಗಿಟ್ಟರೆ ಜಗಳಕ್ಕೊಂದು ಹಿಡಿ ಸಿಗುತ್ತದೆ. ಹೊಲದ ಕೂಲಿಯನ್ನು ಯಾರೂ ಹೆಸರಿಟ್ಟು ಹೊರಗೂ ಹಾಕಲಿಲ್ಲ, ಒಳಗೂ ಕರೆಯಲಿಲ್ಲ.

2012ರ ಸೆಪ್ಟೆಂಬರ್ 3ರಂದು ಲೋಕಸಭೆ ಮಸೂದೆಯನ್ನು ಒಪ್ಪಿತು. ಕಲ್ಲಿದ್ದಲು ಹಂಚಿಕೆಯ ಗದ್ದಲದ ನಡುವೆ, ಚರ್ಚೆಯಿಲ್ಲದೆ, ಧ್ವನಿಮತದಿಂದ. ಇದನ್ನೇ ‘ಸರ್ವಸಮ್ಮತಿ’ ಎಂದು ಬರೆಯುವುದು ನನ್ನ ತಕರಾರಿನ ಎರಡನೆಯ ತುದಿ. ಹೌದು ಎಂದವರ ಕೂಗು ಹೆಚ್ಚಿತ್ತೆಂದು ಪೀಠ ಘೋಷಿಸಿತು, ಯಾರೂ ಮತವಿಭಜನೆ ಕೇಳಲಿಲ್ಲ. ದಾಖಲೆಯಿಂದ ಗೊತ್ತಾಗುವುದು ಅಷ್ಟೇ. ಯಾರು ಒಪ್ಪಿದರು, ಯಾರು ಸುಮ್ಮನಿದ್ದರು, ಯಾರು ಆ ಹೊತ್ತಿಗೆ ಕಲ್ಲಿದ್ದಲಿನ ಘೋಷಣೆ ಕೂಗುತ್ತಿದ್ದರು ಎಂಬುದಕ್ಕೆ ಪಟ್ಟಿಯಿಲ್ಲ. ಪಟ್ಟಿ ಇಲ್ಲದಿರುವುದನ್ನು ಸಮ್ಮತಿಯೆಂದು ಓದುವುದು, ಸಾಲಪತ್ರ ಕಳೆದಿದೆ ಎಂಬ ಕಾರಣಕ್ಕೆ ಸಾಲ ತೀರಿದೆ ಎಂದಂತೆ.

ಮತ ಎಣಿಸಿದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಅದೇ ಲೋಕಸಭೆ ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ತಿದ್ದುಪಡಿಯನ್ನೂ ಅಂಗೀಕರಿಸಿತು. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕು, ಆದ್ದರಿಂದ ಎಣಿಕೆ ತಪ್ಪದು. ಅಂದಿನಿಂದ ಇಂದಿನವರೆಗೆ ನಮ್ಮ ಭಾಗದ ಚುನಾವಣೆಗಳಲ್ಲಿ ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಅವರ ಹೆಸರಿನ ಜೊತೆ ಆ ಮತ ಅಂಟಿಕೊಂಡೇ ಬಂದಿದೆ. ಮಾಡಿದವರು ಹೇಳಿಕೊಂಡರು, ಮಾಡದವರು ಉತ್ತರ ಕೊಡಬೇಕಾಯಿತು. ದೂರದ ಉದಾಹರಣೆಯೂ ಬೇಕೆಂದರೆ, ಅಮೆರಿಕದ ಸೆನೆಟ್ 2009ರ ಅಕ್ಟೋಬರಿನಲ್ಲಿ ಸೆನೆಟರ್ ಅಲ್ ಫ್ರಾಂಕನ್ ಅವರ ತಿದ್ದುಪಡಿಯನ್ನು 68-30ರಿಂದ ಒಪ್ಪಿತು. ಕೆಲಸದಲ್ಲಿ ಅತ್ಯಾಚಾರಕ್ಕೀಡಾದವರು ಕೋರ್ಟಿಗೆ ಹೋಗದಂತೆ ಮಧ್ಯಸ್ಥಿಕೆಯ ಕರಾರಿನಲ್ಲಿ ಕಟ್ಟಿಹಾಕುವ ರಕ್ಷಣಾ ಗುತ್ತಿಗೆದಾರರಿಗೆ ಸರ್ಕಾರದ ಹಣ ಕೊಡಬಾರದೆಂಬ ತಿದ್ದುಪಡಿ ಅದು. ವಿರುದ್ಧ ಮತ ಹಾಕಿದ 30 ರಿಪಬ್ಲಿಕನ್ನರ ಹೆಸರು ಪಟ್ಟಿಯಲ್ಲಿತ್ತು. ತಮ್ಮ ತಮ್ಮ ರಾಜ್ಯಗಳಲ್ಲಿ ಅವರು ಸಮಜಾಯಿಷಿ ಹೇಳುವ ಪಾಡಾಯಿತು.

ನಮ್ಮಲ್ಲಿ ಸಮಜಾಯಿಷಿ ಹೇಳುವವರೇ ಇಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧದ ವಿಶಾಖಾ ತೀರ್ಪನ್ನು 1997ರಲ್ಲಿ ಬರೆದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಸಮಿತಿಯೇ 2013ರ ಜನವರಿಯಲ್ಲಿ ಈ ಮಸೂದೆಯ ರಾಜಿ ಸಂಧಾನ, ಆಂತರಿಕ ಸಮಿತಿಗಳನ್ನು ಟೀಕಿಸಿ ಉದ್ಯೋಗ ನ್ಯಾಯಮಂಡಳಿ ಬೇಕೆಂದಿತು. ಫೆಬ್ರವರಿ 26ರಂದು ರಾಜ್ಯಸಭೆ ಮಸೂದೆಯನ್ನು ಇದ್ದ ಹಾಗೆಯೇ ಒಪ್ಪಿತು. ಏಪ್ರಿಲ್ 22ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ವರ್ಮಾ ತೀರಿಕೊಂಡದ್ದೂ ಅದೇ ದಿನ. ಎರಡು ವಾರದೊಳಗೆ, ಮೇ 5ಕ್ಕೆ, ಕರ್ನಾಟಕ ವಿಧಾನಸಭೆಗೆ ಮತದಾನ ನಡೆಯಿತು; ಪಟ್ಟಿಯೇ ಇಲ್ಲದ್ದರಿಂದ ಯಾರನ್ನೂ ಹೆಸರು ಹಿಡಿದು ಕೇಳುವಂತಿರಲಿಲ್ಲ.

ಹೀಗೆ ಸದನದ ಮೇಲೆ ಬೀಳಬೇಕಾದ ಹೊಣೆ ಜಿಲ್ಲಾ ಕಚೇರಿಯ ಮೇಜಿಗೆ ಜಾರಿತು. ಗ್ರಾಮೀಣ ಭಾಗದಲ್ಲಿ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ಪಡೆದು 7 ದಿನದೊಳಗೆ ಸಮಿತಿಗೆ ಕಳಿಸಬೇಕೆಂದು ಕಾಯ್ದೆಯಲ್ಲೇ ಇದೆ. ಆದರೂ ಜಿಲ್ಲಾ ಅಧಿಕಾರಿಗಳನ್ನು 2024ರ ಡಿಸೆಂಬರ್ 31ರೊಳಗೆ ನೇಮಿಸಿ ಎಂದು ರಾಜ್ಯಗಳಿಗೆ ಸುಪ್ರೀಂ ಕೋರ್ಟೇ ಗಡುವು ಹಾಕಬೇಕಾಯಿತು. ಆ ಪೀಠದಲ್ಲಿದ್ದವರು ನಮ್ಮ ಬಿ.ವಿ. ನಾಗರತ್ನ. ಕಾಯ್ದೆ ಬಂದು 11 ವರ್ಷ ದಾಟಿತ್ತು. ‘ಕಾಯ್ದೆ ಹೊಲಕ್ಕೆ ಬರುವುದಿಲ್ಲ’ ಎಂಬ ವಿದ್ವಾಂಸರ ಮಾತು ಈ ಆಲಸ್ಯಕ್ಕೆ ಎಷ್ಟು ಅನುಕೂಲವಾಯಿತೆಂಬುದನ್ನು ನಾನು ಅಳೆದು ಹೇಳಲಾರೆ, ಅನನುಕೂಲವಂತೂ ಆಗಿಲ್ಲ.

ಒಂದು ಜಾಗವನ್ನು ಮಾತ್ರ ಹಿರಿಯರಿಗೆ ಬಿಟ್ಟುಕೊಡುತ್ತೇನೆ. ಹದಿನೆಂಟು ಜನರ ಗುಂಪಿನಲ್ಲಿ ತಪ್ಪು ಮಾಡಿದವನು ಧಣಿಯೂ ಅಲ್ಲ, ಮೇಸ್ತ್ರಿಯೂ ಅಲ್ಲ, ಪಕ್ಕದ ಸಾಲಿನಲ್ಲಿ ಚೀಲ ಹೊರುತ್ತಿದ್ದ ಜೊತೆಯ ಆಳು ಎಂದಿಟ್ಟುಕೊಳ್ಳಿ. ಆಗ ಸೆಕ್ಷನ್ 4ರ ಸಮಿತಿ ಬದುವಿನ ಮೇಲಿಲ್ಲ. ಸೆಕ್ಷನ್ 6ರ ‘ಅಥವಾ’ ದೂರು ಕೊಡುವ ಹೆಂಗಸಿನ ಕೈಗೆಟುಕುವುದಿಲ್ಲ. ಹತ್ತಕ್ಕಿಂತ ಕಡಿಮೆ ಎಂಬ ಷರತ್ತನ್ನು ತೆಗೆದು, ಆಂತರಿಕ ಸಮಿತಿ ಇಲ್ಲದ ಕಡೆಯಿಂದೆಲ್ಲ ದೂರು ಪಡೆಯಬಹುದೆಂದು ತಿದ್ದಿದರೆ ಆ ಬಿರುಕು ಮುಚ್ಚುತ್ತದೆ. ಆ ತಿದ್ದುಪಡಿ ಸದನಕ್ಕೆ ಬಂದ ದಿನ ಯಾರಾದರೊಬ್ಬ ಸದಸ್ಯರು ಎದ್ದು ಮತವಿಭಜನೆ ಕೇಳಲಿ.