ಅಂಕ, ಅಳತೆ, ಕಲಿಕೆಯ ಏಣಿ

ನಿಮ್ಮ ಅಂಕಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಗಣಿತದ ಎದುರು 60 ಎಂದಿದೆ ಎನ್ನೋಣ. ನಿಮ್ಮ ಬೆಂಚಿನ ಗೆಳೆಯನಿಗೂ 60. ನಿಮಗೆ ಬೀಜಗಣಿತ ಚೆನ್ನಾಗಿ ಬರುತ್ತದೆ, ರೇಖಾಗಣಿತ ಬಾರದು. ಅವನದು ಇದಕ್ಕೆ ತಿರುಗುಮುರುಗು. ಆದರೂ ಅಂಕಪಟ್ಟಿಯಲ್ಲಿ ನೀವಿಬ್ಬರೂ ಸಮ. ಹಾಗಾದರೆ ಈ 60 ಯಾವುದರ ಅಳತೆ? ಶಿಕ್ಷಣ ತಜ್ಞರು ಈ ಪ್ರಶ್ನೆ ಕೇಳತೊಡಗಿ ನೂರು ವರ್ಷ ಮೀರಿತು.

1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಸಂಶೋಧಕರು ಒಂದು ಸರಳವಾದ ಪರೀಕ್ಷೆ ನಡೆಸಿದರು. ಪರೀಕ್ಷೆ ವಿದ್ಯಾರ್ಥಿಗಳಿಗಲ್ಲ, ಶಿಕ್ಷಕರಿಗೆ! ಇಂಗ್ಲಿಷ್ ಉತ್ತರಪತ್ರಿಕೆಯ ನಕಲುಗಳನ್ನು ಅನೇಕ ಪ್ರೌಢಶಾಲೆಗಳಿಗೆ ಕಳುಹಿಸಿ ಅಂಕ ಕೊಡುವಂತೆ ಕೋರಿದರು. 142 ಉತ್ತರಗಳನ್ನು ಹೋಲಿಸಿ ನೋಡಿದಾಗ, ಒಂದೇ ಪತ್ರಿಕೆಗೆ ಒಬ್ಬರು 64 ಕೊಟ್ಟಿದ್ದರೆ ಇನ್ನೊಬ್ಬರು 98 ಕೊಟ್ಟಿದ್ದರು. ಭಾಷೆಯಲ್ಲಿ ಅಭಿರುಚಿಯ ಭೇದ ಇದ್ದದ್ದೇ, ಗಣಿತದಲ್ಲಿ ಹೀಗಾಗದು ಎಂದರು ಕೆಲವರು. ಮರುವರ್ಷ ರೇಖಾಗಣಿತದ ಪತ್ರಿಕೆ ಹೋಯಿತು. ಅಂಕಗಳು 28ರಿಂದ 90ರಾಚೆಯವರೆಗೆ ಹರಡಿಕೊಂಡವು! ಕೆಲವರು ಉತ್ತರ ತಪ್ಪಿದ್ದಕ್ಕೆ ಮಾತ್ರ ಅಂಕ ಕಳೆದರೆ, ಮತ್ತೆ ಕೆಲವರು ಅಕ್ಷರದ ಅಂದವನ್ನೂ ಕಾಗುಣಿತವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ತಪ್ಪು ಶಿಕ್ಷಕರದಲ್ಲ, ಯಾವುದನ್ನು ಅಳೆಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇದಕ್ಕೆ ಎರಡು ಪರಿಹಾರಗಳು ಹೊಳೆದವು. ತರಗತಿಯ ಮಕ್ಕಳನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ಮೇಲು ಕೆಳಗು ಹೇಳುವುದು ಒಂದು. ಕಲಿಯಬೇಕಾದದ್ದನ್ನು ಮೊದಲೇ ಬರೆದಿಟ್ಟು, ಪ್ರತಿ ಮಗುವನ್ನೂ ಅದರೊಂದಿಗೆ ಮಾತ್ರ ಹೋಲಿಸುವುದು ಇನ್ನೊಂದು. ಷಿಕಾಗೋ ನಗರದ ಬಳಿಯ ವಿನೆಟ್ಕಾದಲ್ಲಿ 1919ರಲ್ಲಿ ಶಾಲೆಗಳ ಹೊಣೆ ಹೊತ್ತ ಕಾರ್ಲ್‌ಟನ್ ವಾಶ್‌ಬರ್ನ್ ಎರಡನೆಯ ದಾರಿ ಹಿಡಿದರು. ಅಲ್ಲಿ ಪಾಠಗಳನ್ನು ಸಣ್ಣ ಸಣ್ಣ ಗುರಿಗಳಾಗಿ ಒಡೆದರು. ಒಂದು ಗುರಿ ಮುಟ್ಟಿದ ಮೇಲೆಯೇ ಮುಂದಿನದು. ಬೇಗ ಮುಟ್ಟಿದವನು ಕಾಯಬೇಕಿಲ್ಲ, ತಡವಾದವಳು ನಾಚಬೇಕಿಲ್ಲ. ರಾಬರ್ಟ್ ಗ್ಲೇಸರ್ 1963ರಲ್ಲಿ ಈ ಎರಡು ಬಗೆಯ ಅಳತೆಗಳ ವ್ಯತ್ಯಾಸವನ್ನು ಶಾಸ್ತ್ರೀಯವಾಗಿ ವಿವರಿಸಿದರು.

ನಮ್ಮ ದೇಶದಲ್ಲಿ 1991ರಲ್ಲಿ ಆರ್. ಎಚ್. ದವೆ ಸಮಿತಿಯು ಪ್ರಾಥಮಿಕ ಶಾಲೆಗಳಿಗೆ ‘ಕನಿಷ್ಠ ಕಲಿಕಾ ಮಟ್ಟ’ಗಳನ್ನು ಸೂಚಿಸಿತು. ಪಟ್ಟಿ ಸಿದ್ಧವಾಯಿತು, ಅದನ್ನು ಮಕ್ಕಳ ಕೈಗೆಟುಕುವಂತೆ ಮಾಡುವುದು ಹೇಗೆ? ಇದಕ್ಕೊಂದು ಉತ್ತರ ದೊರೆತದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಎಂಬುದು ನಿಮಗೆ ತಿಳಿದಿದೆಯೇ? 1995ರಲ್ಲಿ ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುತ್ತಿದ್ದ ವಿಧಾನವನ್ನು ಕಣ್ಣಾರೆ ಕಂಡು ಬಂದರು. ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಹುಟ್ಟಿತು. ಗೋಡೆಯ ಮೇಲೆ ಕಲಿಕೆಯ ಏಣಿ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಅದಕ್ಕೆ ಹೊಂದುವ ಕಾರ್ಡು. ಓದಲು ಬಾರದ ಮಗುವಿಗೂ ತಾನು ಎಲ್ಲಿದ್ದೇನೆಂದು ಗೊತ್ತು. ಸುಗ್ಗಿಯ ಕೆಲಸಕ್ಕೋ ಜ್ವರಕ್ಕೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಏರುತ್ತಿತ್ತು. ಈ ಒಂದು ಅಂಶವೇ ಸಾಕು, ನಾನು ಈ ಪದ್ಧತಿಗೆ ಕೈಮುಗಿಯುತ್ತೇನೆ. ಆದರೆ ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲುಗಳಲ್ಲಿ ನಿಂತರೆ ಒಬ್ಬ ಶಿಕ್ಷಕಿಯ ಪಾಡೇನು ಎಂಬುದನ್ನೂ ಮರೆಯುವಂತಿಲ್ಲ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ಹಬ್ಬಿತು. ಅದೇ ಹೊತ್ತಿಗೆ ಸಿ.ಬಿ.ಎಸ್.ಇ. ಹತ್ತನೆಯ ತರಗತಿಯಲ್ಲಿ ಅಂಕದ ಬದಲು ಶ್ರೇಣಿ ತಂದಿತು: 91ರಿಂದ 100ರವರೆಗೆ ‘ಎ1’. ಹೊಸದೇನೋ ಬಂದಂತೆ ಕಂಡಿತು. ನಿಜವಾಗಿ ಬದಲಾದದ್ದು ಅಂಕೆಯ ಜಾಗಕ್ಕೆ ಬಂದ ಅಕ್ಷರವಷ್ಟೇ. ‘ಎ1’ ಪಡೆದ ಹುಡುಗಿಗೆ ಏನು ಬರುತ್ತದೆಂದು ಆ ಅಕ್ಷರವೂ ಹೇಳುತ್ತಿರಲಿಲ್ಲ. 2017-18ರಲ್ಲಿ ಮಂಡಳಿಯ ಹಳೆಯ ಪರೀಕ್ಷೆಯೇ ಮರಳಿತು. ನಲಿ-ಕಲಿಯ ಏಣಿ ಮುಂದೆ ಮೂರನೆಯ ತರಗತಿಯವರೆಗೆ ಬೆಳೆಯಿತು. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯವರೆಗೆ ಅದು ಬರಲಿಲ್ಲ.