ಮುಖ್ಯ ತರಬೇತುದಾರರ ಗೈರು: ಹೊಣೆ ಯಾರಿಗೆ?

ಬ್ಯಾಸ್ಕೆಟ್‌ಬಾಲ್ ಪಂದ್ಯದ ನಡುವೆ ಮುಖ್ಯ ತರಬೇತುದಾರರು ಅಸ್ವಸ್ಥರಾದರೆ ಅಥವಾ ಅನರ್ಹಗೊಂಡು ಹೊರನಡೆದರೆ ತಂಡದ ಹೊಣೆ ಯಾರದು ಎಂಬುದನ್ನು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ (ಫಿಬಾ) ನಿಯಮಾವಳಿಯ 7ನೇ ವಿಧಿ ಸ್ಪಷ್ಟಪಡಿಸುತ್ತದೆ.

ಪಂದ್ಯಾರಂಭಕ್ಕೆ ಕನಿಷ್ಠ 40 ನಿಮಿಷ ಮೊದಲು ಆಟಗಾರರು, ನಾಯಕ, ಮುಖ್ಯ ತರಬೇತುದಾರ ಹಾಗೂ ಮೊದಲ ಸಹಾಯಕ ತರಬೇತುದಾರರ ಹೆಸರುಗಳನ್ನು ಸ್ಕೋರರ್‌ಗೆ ಸಲ್ಲಿಸಬೇಕು. ಸ್ಕೋರ್‌ಶೀಟ್‌ನಲ್ಲಿ ನಮೂದಾದ ಈ ಸಹಾಯಕರೇ ಉತ್ತರಾಧಿಕಾರಿ. ಬೆಂಚಿನಲ್ಲಿರುವ ಇತರ ಸಹಾಯಕರು ಎಷ್ಟೇ ಅನುಭವಿಗಳಾದರೂ ಅವರಿಗೆ ಆ ಅಧಿಕಾರವಿಲ್ಲ.

ಸಾಮಾನ್ಯ ಸಂದರ್ಭದಲ್ಲಿ ಮೊದಲ ಸಹಾಯಕರೂ ಟೈಮ್‌ಔಟ್ ಕೋರಬಹುದು. ಆದರೆ ಒಮ್ಮೆಗೆ ಇಬ್ಬರಲ್ಲಿ ಒಬ್ಬರಷ್ಟೇ ಎದ್ದು ನಿಲ್ಲಬಹುದು; ರೆಫರಿಗಳೊಡನೆ ಮಾತನಾಡುವ ಅವಕಾಶ ಸಹಾಯಕರಿಗಿಲ್ಲ. ಮುಖ್ಯ ತರಬೇತುದಾರರು ಮುಂದುವರಿಯಲಾಗದಾಗ ಅವರ ಸಕಲ ಹಕ್ಕು-ಕರ್ತವ್ಯಗಳು ಸಹಾಯಕರಿಗೆ ವರ್ಗವಾಗುತ್ತವೆ. ಸ್ವಂತ ದುರ್ವರ್ತನೆಗಾಗಿ 2 ಟೆಕ್ನಿಕಲ್ ಫೌಲ್‌ಗೆ ಗುರಿಯಾಗಿ ಮುಖ್ಯ ತರಬೇತುದಾರರು ಅನರ್ಹಗೊಂಡಾಗಲೂ ಇದೇ ಕ್ರಮ.

ಸಹಾಯಕರ ಹೆಸರು ನಮೂದಾಗಿರದಿದ್ದರೆ ನಾಯಕನೇ ತರಬೇತುದಾರನೂ ಆಗಬೇಕು. 5 ಫೌಲ್ ಪೂರೈಸಿ ಅಂಕಣದಿಂದ ಹೊರಬಂದರೂ ಆತ ಈ ಹೊಣೆಯಲ್ಲಿ ಮುಂದುವರಿಯಬಹುದು. ಆತ ಅನರ್ಹಗೊಂಡರೆ ಅಥವಾ ಗಾಯದಿಂದ ಅಸಮರ್ಥನಾದರೆ ಬದಲಿ ನಾಯಕನಿಗೆ ಹೊಣೆ ದಾಟುತ್ತದೆ. ಪಂದ್ಯಕ್ಕೆ ಮುನ್ನ ಒಂದು ಹೆಸರು ಬರೆಯಲು ಮರೆತ ತಂಡವು, ಆಡುತ್ತಿರುವ ಆಟಗಾರನ ಹೆಗಲಿಗೇ ಆ ಭಾರ ಹೊರಿಸಿದಂತೆ.