ಒರಸಿ ಬರೆವ ಪುಟದ ಆಯುಷ್ಯ

ಕಚೇರಿಯ ಫೈಲಿಗೆ ಕನ್ನಡದಲ್ಲಿ ‘ಕಡತ’ವೆಂದು ಹೆಸರು, ಕಂಪ್ಯೂಟರಿನ ಫೈಲಿಗೂ ಈಗ ಅದೇ ಹೆಸರು ನಡೆಯುತ್ತಿದೆ. ಇಟ್ಟವರು ಎಣಿಸಿದ್ದಕ್ಕಿಂತ ಈ ಹೆಸರು ಹೆಚ್ಚಾಗಿ ಒಪ್ಪುತ್ತದೆಂದು ನನಗೆ ತೋರುತ್ತದೆ. ಹಿಂದಿನ ಕಡತವೆಂದರೆ ಅರಿವೆಯ ಪುಸ್ತಕ. ಹತ್ತಿಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿಯೇ ಇದನ್ನು ವರ್ಣಿಸಿದ್ದಾನೆ.

ಇಂದಿನ ಒರಸುವ ಕಡತವೇ ‘ಫ್ಲ್ಯಾಷ್’ ಸ್ಮೃತಿ. ನಮ್ಮ ಫೋನು, ಪೆನ್‌ಡ್ರೈವುಗಳಲ್ಲಿರುವುದು ಇದೇ. ಇದರ ಮೂಲತತ್ತ್ವವನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾಂಗ್ ಮತ್ತು ಜೀ ಎಂಬಿಬ್ಬರು ಪ್ರಕಟಿಸಿದರು. ವಿದ್ಯುತ್ಕಣಗಳನ್ನು ನಿರೋಧಕ ಗೋಡೆಯ ನಡುವೆ ಕೂಡಿಟ್ಟರೆ, ವಿದ್ಯುತ್ತು ನಿಂತರೂ ಬರೆಹ ನಿಲ್ಲುತ್ತದೆಂಬುದು ಅದರ ಸಾರ. 1971ರಲ್ಲಿ ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಇಂಥ ಸ್ಮೃತಿಯೊಂದನ್ನು ರೂಪಿಸಿದನು. ಆದರೆ ಅದನ್ನು ಅಳಿಸಲು ನೇರಳಾತೀತ ಬೆಳಕಿನಲ್ಲಿ ಹಲವು ನಿಮಿಷ ಇಡಬೇಕಾಗಿತ್ತು. 1984ರಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುಓಕ ಒಂದು ಇಡೀ ಭಾಗವನ್ನು ವಿದ್ಯುತ್ತಿನಿಂದಲೇ ಒಮ್ಮೆಗೆ ಅಳಿಸುವ ಬಗೆಯನ್ನು ಲೋಕದ ಮುಂದಿಟ್ಟನು. ಕ್ಯಾಮೆರಾದ ಮಿಂಚಿನಂತೆ ಅಳಿಯುವುದನ್ನು ಕಂಡು ಅವನ ಸಹೋದ್ಯೋಗಿ ‘ಫ್ಲ್ಯಾಷ್’ ಎಂಬ ಹೆಸರು ಸೂಚಿಸಿದನಂತೆ.

ವರದ ಬೆನ್ನಲ್ಲೇ ಶಾಪವೂ ಬಂದಿತು. ಆ ಗೋಡೆ ಕೂದಲೆಳೆಗಿಂತ ಸಾವಿರಾರು ಪಾಲು ತೆಳ್ಳಗಿನ ಸಿಲಿಕಾನ್ ಆಕ್ಸೈಡು. ಬರೆಯುವಾಗಲೂ ಅಳಿಸುವಾಗಲೂ ಕಣಗಳನ್ನು ಅದರ ಮೂಲಕವೇ ಬಲವಂತದಿಂದ ನುಗ್ಗಿಸಬೇಕು. ಪ್ರತಿಸಲವೂ ಗೋಡೆ ಇಷ್ಟಿಷ್ಟು ಜಖಂ ಆಗುತ್ತದೆ. ಕೊನೆಗೆ ಹಿಡಿದದ್ದನ್ನು ಹಿಡಿದಿಡಲಾರದು. ಕೋಶಕ್ಕೆ ಒಂದೇ ಅಂಕೆಯನ್ನಿಡುವ ಹಳೆಯ ಬಗೆ ಸುಮಾರು 1,00,000 ಸಲ ತಾಳುತ್ತಿತ್ತು. ಅಗ್ಗದ ಆಸೆಗೆ ಮೂರು ಅಂಕೆಗಳನ್ನು ತುರುಕಿದ ಬಗೆಗೆ ಕೆಲವು ಸಾವಿರ ಸಲವೇ ಹೆಚ್ಚು. ಆದುದರಿಂದ ಒಂದೇ ಕಡೆ ಭಾರ ಬೀಳದಂತೆ ಬರೆಹವನ್ನು ಎಲ್ಲ ಕೋಶಗಳಿಗೂ ಹಂಚುವ ನಿಯಂತ್ರಕವೊಂದನ್ನು ಒಳಗೆ ಇಟ್ಟಿದ್ದಾರೆ. ಕೆರೆಯ ನೀರನ್ನು ಗದ್ದೆ ಗದ್ದೆಗೂ ಸರದಿಯಲ್ಲಿ ಬಿಡುವ ನೀರುಗಂಟಿಯ ಕೆಲಸ ಅದರದು.

ನೀರುಗಂಟಿಯಿದ್ದರೂ ಕೆರೆ ಚಿಕ್ಕದಾದರೆ ಬತ್ತದಿರುವುದೇ? ಟೆಸ್ಲಾ ಕಾರುಗಳಲ್ಲಿ ನಡೆದುದು ಇದೇ. ಎಂಟು ಗಿಗಾಬೈಟಿನ ಸ್ಮೃತಿಯ ಮೇಲೆ ಕಾರು ದಿನವೂ ತನ್ನ ದಿನಚರಿಯನ್ನು ಎಡೆಬಿಡದೆ ಬರೆದುಕೊಳ್ಳುತ್ತಿತ್ತು. ಐದಾರು ವರ್ಷಗಳಲ್ಲಿ ಸ್ಮೃತಿ ಸವೆಯಿತು. ಪರದೆ ಕಪ್ಪಾಗಿ, ಹಿಂಬದಿಯ ನೋಟ ತೋರುವ ಕ್ಯಾಮೆರಾ ಕುರುಡಾಯಿತು. 2021ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಒತ್ತಾಯದಿಂದ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಯಾರೂ ಓದದ ಟಿಪ್ಪಣಿಗಳು ಅಗತ್ಯವಾದುದನ್ನು ನುಂಗಿದ್ದವು.

ನಮ್ಮ ಹಿರಿಯರು ಪುಟದ ಗುಣವರಿತು ಬರೆಯುತ್ತಿದ್ದರು. ಆಚಂದ್ರಾರ್ಕವಾಗಿ ನಿಲ್ಲಬೇಕಾದ ದಾನವನ್ನು ಕಲ್ಲಿಗೂ ತಾಮ್ರಕ್ಕೂ ಒಪ್ಪಿಸಿದರು; ದಿನದ ಲೆಕ್ಕವನ್ನು ಕಡತಕ್ಕೆ ಬಿಟ್ಟರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ಒರಸಬಹುದಾಗಿದ್ದರೂ ಯಾರೂ ಒರಸದೆ ಜೋಪಾನ ಮಾಡಿದುದರಿಂದ ಅವು ಉಳಿದವು. ನಾವಾದರೋ ಸಂತೆಯ ಚೀಟಿಯನ್ನೂ ತಾಯಿಯ ಕೊನೆಯ ಭಾವಚಿತ್ರವನ್ನೂ ಒಂದೇ ಪುಟಕ್ಕೆ ಒಪ್ಪಿಸಿ ನಿಶ್ಚಿಂತರಾಗಿದ್ದೇವೆ. ಬಟ್ಟೆಯ ಸವೆತ ಕಣ್ಣಿಗೆ ಕಾಣುತ್ತಿತ್ತು. ಈ ಗೋಡೆಯ ಸವೆತ ಕಾಣುವುದಿಲ್ಲ. ಬರೆಯದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ವರ್ಷಗಳು ಕಳೆದಂತೆ ಕಣಗಳು ಮೆಲ್ಲನೆ ಸೋರುತ್ತವೆ. ಉಳಿಯಬೇಕಾದುದನ್ನು ಬೇರೆ ಬೇರೆ ಕಡೆ ಪ್ರತಿ ಮಾಡಿಡುವುದೊಂದೇ ದಾರಿ. ತಾಳೆಗರಿ ಜೀರ್ಣವಾಗುವ ಮೊದಲೇ ಹೊಸ ಗರಿಗೆ ಇಳಿಸುತ್ತಿದ್ದ ಲಿಪಿಕಾರನ ದುಡಿಮೆ ಇನ್ನೂ ಮುಗಿದಿಲ್ಲ.